ಕ್ಲಬ್ ವೆಬ್‌ಸೈಟಿನ ಮುರಿದ ಲಿಂಕುಗಳು: ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಚಾರಣ ಕ್ಲಬ್ಬಾಗಲಿ, ಪಕ್ಷಿವೀಕ್ಷಕರ ಬಳಗವಾಗಲಿ, ಊರಿನ ಕ್ರಿಕೆಟ್ ಕ್ಲಬ್ಬಾಗಲಿ, ಸದಸ್ಯರೇ ಸೇರಿ ಕಟ್ಟಿಕೊಂಡ ವೆಬ್‌ಸೈಟುಗಳ ಒಳರಚನೆ ಹೆಚ್ಚುಕಡಿಮೆ ಒಂದೇ ತರಹ. ಮುಖಪುಟ, ‘ನಮ್ಮ ಬಗ್ಗೆ’, ಕಾರ್ಯಕ್ರಮಗಳ ಪಟ್ಟಿ ಇವು ಯಾರೋ ಒಬ್ಬರು ಕೈಯಾರೆ ಬರೆದ ಎಚ್‌ಟಿಎಂಎಲ್ ಪುಟಗಳು. ಪಕ್ಕದ ಫೋಲ್ಡರಿನಲ್ಲಿ ಬರಹಗಳಿಗೆಂದು ಒಂದು ವರ್ಡ್‌ಪ್ರೆಸ್. ಫೋಟೊ, ಅರ್ಜಿ ನಮೂನೆಗಳೆಲ್ಲ ಹಿಂದಿನ ಕಾರ್ಯದರ್ಶಿಯ ಗೂಗಲ್ ಡ್ರೈವಿನಲ್ಲಿ. ಈ ಮೂರು ಕಡೆ ಲಿಂಕ್ ಮುರಿಯುವ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಆದರೆ ರೋಗ ಪತ್ತೆ ಮಾಡುವ ದಾರಿ ಒಂದೇ: ಬ್ರೌಸರಿನ ಮೇಲ್ಭಾಗದ ವಿಳಾಸದ ಜಾಗದಲ್ಲಿ ಏನು ಬಂದಿದೆ ಎಂದು ಅಕ್ಷರ ಬಿಡದೆ ಓದುವುದು. ಹೆಚ್ಚಿನವರು ಅದನ್ನು ಓದದೆ ನೇರ ಫೈಲಿಗೆ ಕೈ ಹಾಕುತ್ತಾರೆ. ಒಂದು ಸರಿಮಾಡಲು ಹೋಗಿ ನಾಲ್ಕು ಕೆಡುವುದು ಆಗಲೇ.

ಇಲ್ಲಿ ಕೊಟ್ಟಿರುವ ವಿಳಾಸಗಳೂ ಆಜ್ಞೆಗಳೂ ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿವೆ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ದೂರು ಪೂರ್ತಿ ಪಡೆಯಿರಿ

‘ಲಿಂಕ್ ಓಪನ್ ಆಗ್ತಿಲ್ಲ’ ಎಂದು ವಾಟ್ಸಾಪಿನಲ್ಲಿ ಬಂದರೆ ಅದು ಅರ್ಧ ದೂರು ಅಷ್ಟೇ. ಯಾವ ಪುಟದಲ್ಲಿದ್ದಾಗ ಒತ್ತಿದರು, ಏನನ್ನು ಒತ್ತಿದರು ಎಂದು ಕೇಳಿ. ವಿಳಾಸ ಕಾಣುವಂಥ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಆಮೇಲೆ ನೀವೇ ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿ. ನಿಮ್ಮ ಮಾಮೂಲಿ ಬ್ರೌಸರಿನಲ್ಲಿ ವರ್ಡ್‌ಪ್ರೆಸ್‌ಗೂ ಗೂಗಲ್‌ಗೂ ಲಾಗಿನ್ ಆಗಿರುತ್ತೀರಿ. ಪ್ರಕಟವಾಗದ ಕರಡು ಬರಹ, ಅನುಮತಿ ಕೊಡದ ಡ್ರೈವ್ ಫೈಲ್ ಎಲ್ಲವೂ ನಿಮಗೆ ಮಾತ್ರ ಚೆನ್ನಾಗಿ ತೆರೆದುಕೊಳ್ಳುತ್ತವೆ.

ಮುಂದಿನ ಹೆಜ್ಜೆಗೆ ಹೋಗುವ ಮೊದಲು ಇಡೀ ತಾಣದ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ. ಫೈಲುಗಳ ಜೊತೆಗೆ, ವರ್ಡ್‌ಪ್ರೆಸ್ ಇದ್ದರೆ ಡೇಟಾಬೇಸನ್ನೂ ಇಳಿಸಬೇಕು. ಬರಹಗಳಿರುವುದು ಡೇಟಾಬೇಸಿನಲ್ಲಿ, ಫೋಲ್ಡರ್ ಮಾತ್ರ ನಕಲು ಮಾಡಿಟ್ಟುಕೊಂಡವರ ಕೈಯಲ್ಲಿ ಒಂದು ಬರಹವೂ ಉಳಿದಿರುವುದಿಲ್ಲ.

ಸರ್ವರ್ ಕೊಡುವ ಸಂಖ್ಯೆ

ಕಂಪ್ಯೂಟರಿನ ಬ್ರೌಸರಿನಲ್ಲಿ ಎಫ್12 ಒತ್ತಿ ‘ನೆಟ್‌ವರ್ಕ್’ ವಿಭಾಗಕ್ಕೆ ಹೋಗಿ. ‘ಪ್ರಿಸರ್ವ್ ಲಾಗ್’ ಮತ್ತು ‘ಡಿಸೇಬಲ್ ಕ್ಯಾಶ್’ ಎರಡಕ್ಕೂ ಟಿಕ್ ಹಾಕಿ ಪುಟವನ್ನು ಮತ್ತೆ ತೆರೆಯಿರಿ. ಮೊದಲ ಸಾಲಿನಲ್ಲಿ ಒಂದು ಸಂಖ್ಯೆ ಕಾಣುತ್ತದೆ.

404 ಎಂದರೆ ಸರ್ವರ್ ಸಿಕ್ಕಿದೆ, ಆ ವಿಳಾಸದಲ್ಲಿ ಏನೂ ಇಲ್ಲ. 403 ಎಂದರೆ ಕೊಡಲು ಅನುಮತಿ ಇಲ್ಲ: ಲಿನಕ್ಸ್ ಹೋಸ್ಟಿಂಗಿನಲ್ಲಿ ಸಾಮಾನ್ಯವಾಗಿ ಫೈಲಿಗೆ 644, ಫೋಲ್ಡರಿಗೆ 755 ಅನುಮತಿ ಇರಬೇಕು. ಫೋಲ್ಡರಿನೊಳಗೆ ಇಂಡೆಕ್ಸ್ ಫೈಲ್ ಇಲ್ಲದಿದ್ದರೂ 403 ಬರಬಹುದು. 500 ಬಂದರೆ ಲಿಂಕಿನದ್ದು ತಪ್ಪಲ್ಲ, ಸರ್ವರಿನೊಳಗೇ ಏನೋ ಕುಸಿದಿದೆ. ಈಗಷ್ಟೇ ಎಚ್‌ಟಿಆಕ್ಸೆಸ್ ಫೈಲ್ (ಯಾವ ವಿಳಾಸ ಎಲ್ಲಿಗೆ ಹೋಗಬೇಕೆಂದು ಸರ್ವರಿಗೆ ಹೇಳುವ ಫೈಲ್) ತಿದ್ದಿದ್ದರೆ ಅಲ್ಲೊಂದು ಅಕ್ಷರದೋಷ ಇರುವುದು ಬಹುತೇಕ ಖಚಿತ. 301 ಮತ್ತು 302 ಬೇರೆಡೆಗೆ ಕಳಿಸುವ ಸೂಚನೆಗಳು. ಸಂಖ್ಯೆಯೇ ಬಾರದೆ ‘ಸೈಟ್ ಸಿಗುತ್ತಿಲ್ಲ’ ಎಂದು ಬಂದರೆ ಹೆಚ್ಚಾಗಿ ಡೊಮೇನ್ ಹೆಸರಿನದೇ ತೊಂದರೆ. ನವೀಕರಣದ ಹಣ ಕಟ್ಟಿದ್ದಾರೆಯೇ ಎಂದು ಖಜಾಂಚಿಯವರನ್ನು ಮೊದಲು ಕೇಳಿ, ಉಳಿದದ್ದು ಆಮೇಲೆ.

ವಿಳಾಸ ಹೇಳುವ ಕಥೆ

ಕೈಯಾರೆ ಬರೆದ ಪುಟಗಳಲ್ಲಿ ಲಿಂಕ್ ಮುರಿದರೆ ಕಾರಣ ಸಾಮಾನ್ಯವಾಗಿ ಈ ಕೆಳಗಿನವುಗಳಲ್ಲೇ ಒಂದು.

ವಿಳಾಸದ ಕೊನೆಯಲ್ಲಿ ಇನ್ನೊಂದು ವಿಳಾಸ ಅಂಟಿಕೊಂಡಿದೆ. ಕ್ಲಬ್ಬಿನ ಡೊಮೇನ್, ಅದರ ಮುಂದೆ ‘/ಬರಹ/’, ಅದರ ಮುಂದೆ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಎಂದು ಶುರುವಾಗುವ ಬೇರೆ ತಾಣದ ಹೆಸರು. ಲಿಂಕ್ ಬರೆದವರು ‘ಎಚ್‌ಟಿಟಿಪಿಎಸ್://’ ಬಿಟ್ಟಿದ್ದಾರೆ. ಅದಿಲ್ಲದಿದ್ದರೆ ಬ್ರೌಸರ್ ಅದನ್ನು ನಿಮ್ಮದೇ ಫೋಲ್ಡರಿನ ಒಂದು ಫೈಲ್ ಎಂದು ತಿಳಿಯುತ್ತದೆ.

ವಿಳಾಸದ ನಡುವೆ ‘%ಇ2%80%9ಡಿ’ ಅಥವಾ ‘%ಇ2%80%9ಸಿ’ ಇದೆ. ವರ್ಡ್ ಫೈಲಿನಿಂದಲೋ ವಾಟ್ಸಾಪಿನಿಂದಲೋ ಕೋಡ್ ನಕಲು ಮಾಡಿ ಅಂಟಿಸಿದ್ದಾರೆ. ಅಲ್ಲಿಯ ಬಾಗಿದ ಉದ್ಧರಣ ಚಿಹ್ನೆಗಳನ್ನು ಎಚ್‌ಟಿಎಂಎಲ್ ಉದ್ಧರಣ ಚಿಹ್ನೆ ಎಂದು ಒಪ್ಪುವುದೇ ಇಲ್ಲ, ವಿಳಾಸದ ಭಾಗವೆಂದೇ ಲೆಕ್ಕಹಾಕುತ್ತದೆ. ಫೈಲನ್ನು ನೋಟ್‌ಪ್ಯಾಡ್ ಥರದ ಸಾದಾ ಎಡಿಟರಿನಲ್ಲಿ ತೆರೆದು ನೇರ ಚಿಹ್ನೆ ಹಾಕಿ. ‘%20’ ಕಂಡರೆ ಅದು ಖಾಲಿ ಜಾಗ. ಫೈಲಿನ ಹೆಸರಲ್ಲೇ ಜಾಗವಿದ್ದರೆ ಕೆಲಸ ನಡೆಯುತ್ತದೆ, ಕೊನೆಯಲ್ಲಿ ಒಂಟಿಯಾಗಿ ನಿಂತಿದ್ದರೆ ಅದೇ ಕಳ್ಳ.

ವಿಳಾಸದಲ್ಲಿ ‘ಲೋಕಲ್‌ಹೋಸ್ಟ್’, ‘ಫೈಲ್:///’ ಅಥವಾ ಸಿ ಡ್ರೈವಿನ ಹೆಸರಿದೆ. ಆ ಪುಟ ಬರೆದವರ ಮನೆಯ ಕಂಪ್ಯೂಟರಿನಲ್ಲಿ ಲಿಂಕ್ ಇಂದಿಗೂ ಸೊಗಸಾಗಿ ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ಅವರು ‘ನನಗೆ ಬರ್ತಿದೆಯಲ್ಲ’ ಎನ್ನುವುದು.

ಎಲ್ಲ ಸರಿಯಾಗಿ ಕಂಡರೂ 404. ಆಗ ದೊಡ್ಡಕ್ಷರ, ಸಣ್ಣಕ್ಷರ ಹೋಲಿಸಿ. ವಿಂಡೋಸಿಗೆ ಎರಡೂ ಒಂದೇ. ಅಗ್ಗದ ಹಂಚಿಕೆಯ ಹೋಸ್ಟಿಂಗುಗಳಲ್ಲಿ ಹೆಚ್ಚಿನವು ನಡೆಯುವುದು ಲಿನಕ್ಸಿನ ಮೇಲೆ, ಅದಕ್ಕೆ ಎರಡೂ ಬೇರೆ. ಕ್ಯಾಮೆರಾದಿಂದ ಬಂದ ಫೋಟೊಗಳ ಕೊನೆಯ ‘ಜೆಪಿಜಿ’ ದೊಡ್ಡಕ್ಷರದಲ್ಲಿದ್ದು, ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರುವುದೇ ಹೆಚ್ಚು. ಲಿಂಕುಗಳನ್ನು ಒಂದೊಂದಾಗಿ ತಿದ್ದುವ ಬದಲು ಫೈಲುಗಳ ಹೆಸರನ್ನೆಲ್ಲ ಸಣ್ಣಕ್ಷರ, ಅಂಕಿ, ಅಡ್ಡಗೆರೆ (-) ಇಷ್ಟಕ್ಕೇ ಇಳಿಸಿ ಲಿಂಕುಗಳನ್ನೂ ಒಟ್ಟಿಗೆ ಹಾಗೇ ಮಾಡುವುದು ಜಾಣತನ. ವಿಂಡೋಸಿನಲ್ಲಿ ಅಕ್ಷರದ ಗಾತ್ರ ಮಾತ್ರ ಬದಲಿಸಿ ಅಪ್‌ಲೋಡ್ ಮಾಡಿದರೆ ಸರ್ವರಿನಲ್ಲಿ ಹಳೆಯ ಫೈಲೂ ಉಳಿದು ಎರಡು ಪ್ರತಿಗಳಾಗುತ್ತವೆ. ಹಳೆಯದನ್ನು ಕೈಯಾರೆ ಅಳಿಸಿ.

ಇವೆಲ್ಲಕ್ಕಿಂತ ತಲೆ ತಿನ್ನುವುದು ಓರೆಗೆರೆಯ (‘/’) ವಿಷಯ. ಲಿಂಕನ್ನು ಮೂರು ರೀತಿ ಬರೆಯಬಹುದು. ‘ಇತಿಹಾಸ.ಎಚ್‌ಟಿಎಂಎಲ್’ ಎಂದರೆ ಈಗ ನಿಂತಿರುವ ಫೋಲ್ಡರಿನಲ್ಲಿ ಹುಡುಕು ಎಂದರ್ಥ. ‘../ಇತಿಹಾಸ.ಎಚ್‌ಟಿಎಂಎಲ್’ ಎಂದರೆ ಒಂದು ಫೋಲ್ಡರ್ ಮೇಲೆ ಹೋಗು. ‘/ಇತಿಹಾಸ.ಎಚ್‌ಟಿಎಂಎಲ್’ ಎಂದರೆ ಎಲ್ಲೇ ಇರು, ಡೊಮೇನಿನ ಬುಡದಿಂದ ಹುಡುಕು. ಮುಖಪುಟದ ಮೆನುವನ್ನು ಹಾಗೇ ನಕಲು ಮಾಡಿ ಒಳಗಿನ ಫೋಲ್ಡರಿನ ಪುಟಕ್ಕೆ ಅಂಟಿಸಿದಾಗ ಮೆನು ಪೂರ್ತಿ ಸಾಯುವುದು ಮೊದಲ ರೀತಿಯಲ್ಲಿ ಬರೆದಿದ್ದರಿಂದ. ‘/ಚಾರಣ’ ಮತ್ತು ‘/ಚಾರಣ/’ ಕೂಡ ಒಂದೇ ಅಲ್ಲ: ಮೊದಲನೆಯದರಲ್ಲಿ ಬ್ರೌಸರಿನ ಲೆಕ್ಕಕ್ಕೆ ನೀವು ಬುಡದಲ್ಲಿದ್ದೀರಿ, ಎರಡನೆಯದರಲ್ಲಿ ಚಾರಣ ಫೋಲ್ಡರಿನೊಳಗಿದ್ದೀರಿ. ಅದೇ ಪುಟ, ಅದೇ ಲಿಂಕ್, ಹೋಗಿ ಬೀಳುವ ಜಾಗ ಬೇರೆ. ‘ಕೆಲವೊಮ್ಮೆ ಬರುತ್ತೆ, ಕೆಲವೊಮ್ಮೆ ಬರಲ್ಲ’ ಎಂಬ ದೂರಿನ ಹಿಂದೆ ಇದು ಇರುವ ಸಂಭವ ಹೆಚ್ಚು. ಮೆನು, ತಲೆಬರಹ, ಅಡಿಬರಹದ ಲಿಂಕುಗಳನ್ನೆಲ್ಲ ಗೆರೆಯಿಂದ ಶುರುವಾಗುವ ಮೂರನೆಯ ರೀತಿಯಲ್ಲೇ ಬರೆಯಿರಿ.

ಇದಕ್ಕೊಂದು ಅಪವಾದವಿದೆ. ಗಿಟ್‌ಹಬ್ ಪೇಜಸ್ ಎಂಬ ಹೋಸ್ಟಿಂಗ್ ಸೇವೆಯಲ್ಲಿ ಪ್ರಾಜೆಕ್ಟ್ ತಾಣವಾಗಿ ಇಟ್ಟಿದ್ದರೆ ನಿಮ್ಮ ತಾಣ ಇರುವುದು ಡೊಮೇನಿನ ಬುಡದಲ್ಲಲ್ಲ, ರೆಪಾಸಿಟರಿಯ (ಅಲ್ಲಿ ನಿಮ್ಮ ಫೈಲುಗಳಿರುವ ಸಂಗ್ರಹದ) ಹೆಸರಿನ ಕೆಳಗೆ. ಅಲ್ಲಿ ಗೆರೆಯಿಂದ ಶುರುವಾದ ಲಿಂಕುಗಳೇ ಮುರಿಯುತ್ತವೆ. ಮುಂದೆ ರೆಪಾಸಿಟರಿ ಹೆಸರು ಸೇರಿಸಬೇಕು, ಇಲ್ಲವೇ ಸ್ವಂತ ಡೊಮೇನ್ ಜೋಡಿಸಬೇಕು.

ಕನ್ನಡದ ವಿಳಾಸಗಳು

ಕನ್ನಡದಂಥ ಲಿಪಿಯಲ್ಲಿ ಬರೆಯುವ ಕ್ಲಬ್ಬುಗಳಿಗೆ ಇರುವ ಸಂಕಟಗಳು ಇವು. ಇಂಗ್ಲಿಷ್ ಕೈಪಿಡಿಗಳು ಇದರ ತಂಟೆಗೇ ಹೋಗುವುದಿಲ್ಲ.

ವಿಳಾಸದಲ್ಲಿರುವ ಪ್ರತಿಯೊಂದು ಕನ್ನಡ ಚಿಹ್ನೆಯೂ ಒಳಗೆ 3 ಬೈಟ್ ಆಗಿ, ಹೊರಗೆ ‘%ಇ0%ಬಿ2%95’ ಎಂಬಂತೆ 9 ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ (ಇದು ‘ಕ’). ಒತ್ತು, ಗುಣಿತದ ಚಿಹ್ನೆಗಳೂ ಬೇರೆ ಬೇರೆ ಎಣಿಕೆ. ‘ಕುದುರೆಮುಖ’ ನೋಡಲು ಐದು ಅಕ್ಷರ, ಎಣಿಕೆಯಲ್ಲಿ 9 ಚಿಹ್ನೆ, ವಿಳಾಸದಲ್ಲಿ 81. ವರ್ಡ್‌ಪ್ರೆಸ್ ಒಂದು ಬರಹದ ವಿಳಾಸತುಂಡಿಗೆ (ವಿಳಾಸದಲ್ಲಿ ಆ ಬರಹದ ಹೆಸರಿರುವ ಭಾಗ, ‘ಸ್ಲಗ್’) ಮೀಸಲಿಟ್ಟಿರುವುದು 200 ಅಕ್ಷರ ಮಾತ್ರ. ಅಂದರೆ 22 ಕನ್ನಡ ಚಿಹ್ನೆಯಾದ ಮೇಲೆ ಕತ್ತರಿ ಬೀಳುತ್ತದೆ. ‘ಕುದುರೆಮುಖದಲ್ಲಿ ಮಳೆಗಾಲದ ಚಾರಣ’ ಎಂಬ ಶೀರ್ಷಿಕೆಯ ವಿಳಾಸ ‘ಚ’ದಲ್ಲೇ ನಿಂತುಬಿಡುತ್ತದೆ. ಶೀರ್ಷಿಕೆ ನೋಡಿಕೊಂಡು ಕೈಯಾರೆ ವಿಳಾಸ ಟೈಪ್ ಮಾಡಿ ಮುಖಪುಟದಲ್ಲಿ ಲಿಂಕ್ ಕೊಟ್ಟವರಿಗೆ 404 ಸಿಗುವುದು ಇದರಿಂದ. ವಿಳಾಸವನ್ನು ಎಂದೂ ಟೈಪ್ ಮಾಡಬೇಡಿ, ತೆರೆದ ಪುಟದಿಂದ ನಕಲು ಮಾಡಿ.

ಎರಡನೆಯದು ಕಣ್ಣಿಗೆ ಕಾಣದ್ದು. ‘ಕ್ಲಬ್‌ನ’ ಎಂದು ಬರೆಯುವಾಗ ‘ಬ್’ ಮತ್ತು ‘ನ’ ಬೆಸೆದುಕೊಳ್ಳದಿರಲಿ ಎಂದು ಕೀಲಿಮಣೆ ನಡುವೆ ಒಂದು ಅಗಲವಿಲ್ಲದ ಚಿಹ್ನೆ ಇಡುತ್ತದೆ. ಫೈಲಿನ ಹೆಸರಿನಲ್ಲಿ ಅದಿದ್ದು ಲಿಂಕಿನಲ್ಲಿ ಇಲ್ಲದಿದ್ದರೆ ಸರ್ವರಿಗೆ ಎರಡೂ ಬೇರೆ ಹೆಸರು. ವಿಳಾಸವನ್ನು ನೋಟ್‌ಪ್ಯಾಡಿಗೆ ಅಂಟಿಸಿದಾಗ ‘%ಇ2%80%8ಸಿ’ ಕಂಡರೆ ಅದು ಇದೇ.

ಮೂರನೆಯದು ಓತ್ವದ್ದು. ‘ಕೊ’ದ ಗುಣಿತಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಬರೆಯಬಹುದು, ‘ಕೀ’, ‘ಕೇ’, ‘ಕೈ’, ‘ಕೋ’ ಇವುಗಳ ಪಾಡೂ ಅದೇ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಫೈಲಿನ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿದ್ದವು. ಅಂಥ ಮ್ಯಾಕಿನಿಂದ ಅಪ್‌ಲೋಡಾದ ‘ಫೋಟೊ’ ಎಂಬ ಫೋಲ್ಡರಿಗೆ ವಿಂಡೋಸಿನಲ್ಲಿ ಬರೆದ ಲಿಂಕ್ ತಾಗದೆ ಹೋಗಬಹುದು.

ಹಾಗಾಗಿ ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸತುಂಡು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿರಲಿ. ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ಕೊಳಾಯಿಯ ಕೆಲಸ. ಬ್ಲಾಗರ್ ಬಳಸುವವರಿಗೆ ಬೇರೊಂದು ಪೇಚು: ಪೂರ್ತಿ ಕನ್ನಡದ ಶೀರ್ಷಿಕೆಯಿಂದ ಅದಕ್ಕೆ ವಿಳಾಸ ಮಾಡಲು ಬಾರದೆ ‘ಬ್ಲಾಗ್-ಪೋಸ್ಟ್_15’ ಎಂಬಂಥ ಹೆಸರು ಕೊಡುತ್ತದೆ, ಯಾವುದು ಯಾವ ಬರಹ ಎಂದು ತಿಳಿಯದೆ ತಪ್ಪು ಲಿಂಕ್ ಅಂಟಿಕೊಳ್ಳುತ್ತದೆ. ಪ್ರಕಟಿಸುವ ಮೊದಲೇ ಬಲಬದಿಯ ಪರ್ಮಾಲಿಂಕ್ (ಬರಹದ ಕಾಯಂ ವಿಳಾಸ) ಜಾಗದಲ್ಲಿ ‘ಕಸ್ಟಮ್’ ಆರಿಸಿ ಹೆಸರು ಕೊಡಿ.

ವರ್ಡ್‌ಪ್ರೆಸ್: ಒಂದು ಬರಹವೋ, ಎಲ್ಲ ಬರಹವೋ?

ಬರಹಗಳ ಮುಖಪುಟ ತೆರೆಯುತ್ತದೆ, ಒಳಗಿನ ಒಂದು ಬರಹವೂ ತೆರೆಯುವುದಿಲ್ಲ ಎಂದಾದರೆ ಬರಹಗಳನ್ನು ಮುಟ್ಟಲೇಬೇಡಿ. 404 ಪುಟದ ರೂಪ ನೋಡಿ. ನಿಮ್ಮ ತಾಣದ ಮೆನು, ಬಣ್ಣ ಎಲ್ಲ ಇದ್ದರೆ ಕೋರಿಕೆ ವರ್ಡ್‌ಪ್ರೆಸ್‌ವರೆಗೆ ಬಂದಿದೆ, ಅದಕ್ಕೆ ಬರಹ ಸಿಕ್ಕಿಲ್ಲ. ಬಿಳಿ ಹಾಳೆಯ ಮೇಲೆ ಎರಡು ಸಾಲು ಇಂಗ್ಲಿಷ್ ಮಾತ್ರ ಇದ್ದರೆ ಸರ್ವರೇ ಬಾಗಿಲಲ್ಲಿ ತಡೆದಿದೆ. ಇನ್ನೂ ಖಚಿತವಾಗಬೇಕೆಂದರೆ ಬರಹದ ಸಂಖ್ಯೆ ಹಾಕಿ ‘/ಬರಹ/?ಪಿ=123’ ಎಂದು ತೆರೆಯಿರಿ. ವಿಳಾಸ ತಾನಾಗಿ ಉದ್ದನೆಯ ರೂಪಕ್ಕೆ ಬದಲಾಗಿ ಆಮೇಲೆ 404 ಬಂದರೆ ವರ್ಡ್‌ಪ್ರೆಸ್ಸಿಗೆ ಬರಹ ಗೊತ್ತಿದೆ, ದಾರಿ ಕಟ್ಟಾಗಿದೆ ಅಷ್ಟೇ.

ಮಾಡಬೇಕಾದ್ದು:

1. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ಪುಟಕ್ಕೆ ಹೋಗಿ, ಏನನ್ನೂ ಬದಲಿಸದೆ ‘ಸೇವ್ ಚೇಂಜಸ್’ ಒತ್ತಿ. ದಾರಿಯ ನಿಯಮಗಳು ಹೊಸದಾಗಿ ಬರೆಯಲ್ಪಡುತ್ತವೆ. ಎಷ್ಟೋ ಸಲ ಇಷ್ಟೇ ಸಾಕು.
2. ಸಾಲದಿದ್ದರೆ ವರ್ಡ್‌ಪ್ರೆಸ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ‘.ಎಚ್‌ಟಿಆಕ್ಸೆಸ್’ ಫೈಲ್ ಇದೆಯೇ ನೋಡಿ. ಚುಕ್ಕೆಯ ಫೈಲುಗಳು ಅಡಗಿರುತ್ತವೆ. ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಹಿಡನ್ ಫೈಲ್ಸ್ ತೋರಿಸು ಎನ್ನಬೇಕು. ಹೋಸ್ಟಿಂಗ್ ಬದಲಿಸುವಾಗ ಕಾಣದ ಈ ಫೈಲನ್ನು ಹಿಂದೆಯೇ ಬಿಟ್ಟು ಬರುವುದು ಮಾಮೂಲು.
3. ಫೈಲ್ ಇದ್ದರೆ ಅದರೊಳಗಿನ ‘ರಿರೈಟ್‌ಬೇಸ್’ ಸಾಲು ಈಗಿನ ಫೋಲ್ಡರಿಗೆ ಹೊಂದುತ್ತದೆಯೇ ನೋಡಿ. ಬುಡದಲ್ಲಿದ್ದ ವರ್ಡ್‌ಪ್ರೆಸ್ಸನ್ನು ‘ಬರಹ’ ಫೋಲ್ಡರಿಗೆ ಸಾಗಿಸಿದ್ದರೆ ಅದು ‘/’ ಬದಲು ‘/ಬರಹ/’ ಆಗಬೇಕು.
4. ಹೊಸ ಹೋಸ್ಟಿಂಗ್ ಎಂಜಿನ್‌ಎಕ್ಸ್ ಸರ್ವರಿನದಾದರೆ ಅದು ಈ ಫೈಲನ್ನು ಓದುವುದೇ ಇಲ್ಲ. ದಾರಿಯ ನಿಯಮವನ್ನು ಸರ್ವರ್ ಸೆಟ್ಟಿಂಗಿನಲ್ಲಿ ಹಾಕಿಸಲು ಹೋಸ್ಟಿಂಗಿನವರಿಗೇ ಬರೆಯಬೇಕು.

ಒಂದೆರಡು ಬರಹ ಮಾತ್ರ ತೆರೆಯದಿದ್ದರೆ ಯಾರೋ ವಿಳಾಸತುಂಡು ತಿದ್ದಿದ್ದಾರೆ, ಇಲ್ಲವೇ ಬರಹ ಕರಡಿಗೋ ಕಸದಬುಟ್ಟಿಗೋ ಹೋಗಿದೆ. ಪ್ರಕಟವಾದ ಬರಹದ ವಿಳಾಸತುಂಡು ಬದಲಾದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ತಾನೇ ಕಳಿಸುತ್ತದೆ. ಆದರೆ ಈ ಸೌಲಭ್ಯ ‘ಪೋಸ್ಟ್’ಗಳಿಗೆ ಮಾತ್ರ, ‘ಪೇಜ್’ಗಳಿಗಿಲ್ಲ. ಸದಸ್ಯತ್ವದ ಪುಟ, ನಿಯಮಾವಳಿಯ ಪುಟ ಸದ್ದಿಲ್ಲದೆ ಮುರಿಯುವುದು ಇದಕ್ಕೇ. ಇನ್ನೊಂದು ಚೇಷ್ಟೆ: ವಿಳಾಸ ಪೂರ್ತಿ ಹೊಂದದಿದ್ದಾಗ ವರ್ಡ್‌ಪ್ರೆಸ್ ಊಹೆ ಮಾಡಿ ಹತ್ತಿರದ ಹೆಸರಿನ ಬೇರೆ ಬರಹಕ್ಕೆ ಕಳಿಸಿಬಿಡುತ್ತದೆ. ‘ಒತ್ತಿದ್ದು ಒಂದು, ಬಂದದ್ದು ಇನ್ನೊಂದು’ ಎಂಬ ದೂರನ್ನು ತಳ್ಳಿಹಾಕಬೇಡಿ.

ಡೊಮೇನ್ ಬದಲಾಗಿದ್ದರೆ ಹಳೆಯ ಹೆಸರು ನೂರಾರು ಬರಹಗಳೊಳಗೆ ಹುದುಗಿರುತ್ತದೆ. ಡೇಟಾಬೇಸ್ ತೆರೆದು ಒಂದೇ ಎಸ್‌ಕ್ಯುಎಲ್ ಸಾಲಿನಲ್ಲಿ ಬದಲಿಸುವ ಆಸೆಗೆ ಬೀಳಬೇಡಿ. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗುಗಳನ್ನು ‘ಇಷ್ಟು ಅಕ್ಷರದ ಪದ’ ಎಂದು ಉದ್ದದ ಸಮೇತ ಇಟ್ಟಿರುತ್ತದೆ. ಹೆಸರು ಬದಲಾಗಿ ಉದ್ದದ ಅಂಕಿ ಹಾಗೇ ಉಳಿದರೆ ವಿಜೆಟ್, ಥೀಮ್ ಸೆಟ್ಟಿಂಗುಗಳು ಮಾಯ. ಬೆಟರ್ ಸರ್ಚ್ ರಿಪ್ಲೇಸ್ ಪ್ಲಗಿನ್ ಅಥವಾ ಡಬ್ಲ್ಯುಪಿ-ಸಿಎಲ್‌ಐನ (ಆಜ್ಞೆ ಟೈಪ್ ಮಾಡಿ ವರ್ಡ್‌ಪ್ರೆಸ್ ನಡೆಸುವ ಸಲಕರಣೆ) ಸರ್ಚ್-ರಿಪ್ಲೇಸ್ ಆಜ್ಞೆ ಈ ಲೆಕ್ಕವನ್ನು ಸರಿದೂಗಿಸುತ್ತದೆ. ಮೊದಲು ‘ಡ್ರೈ ರನ್’ (ಏನನ್ನೂ ಬದಲಿಸದ ಪರೀಕ್ಷೆ) ಮಾಡಿ ಎಷ್ಟು ಕಡೆ ಬದಲಾಗಲಿದೆ ನೋಡಿ, ‘ಜಿಯುಐಡಿ’ ಎಂಬ ಕಾಲಮ್ಮನ್ನು ಹೊರಗಿಡಿ.

ಹೊರಗಿನ ಲಿಂಕುಗಳು

ನಿಮ್ಮ ತಪ್ಪಿಲ್ಲದೆಯೂ ಸಾಯುವ ಲಿಂಕುಗಳಿವು. ಪಿಕಾಸಾ ವೆಬ್ ಆಲ್ಬಂ 2016ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಮುಚ್ಚಿದವು. ಹಳೆಯ ಕ್ಲಬ್ಬುಗಳ ಫೋಟೊ ಲಿಂಕುಗಳಲ್ಲಿ ಇವು ಇದ್ದೇ ಇರುತ್ತವೆ. ಸರ್ಕಾರಿ ತಾಣಗಳೂ ಮನೆ ಬದಲಿಸುತ್ತವೆ: ಕರ್ನಾಟಕದ ಚಾರಣಗಳ ಬುಕಿಂಗ್ ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ತಾಣದಲ್ಲಿದೆ, ಹಳೆಯ ಬರಹಗಳಲ್ಲಿ ಅದಕ್ಕೂ ಮೊದಲಿನ ತಾಣದ ಲಿಂಕ್ ಉಳಿದಿರುತ್ತದೆ. ಇಂಥ ಕಡೆ ಒಳಪುಟಕ್ಕೆ ಲಿಂಕ್ ಕೊಡುವ ಬದಲು ಇಲಾಖೆಯ ಮುಖಪುಟಕ್ಕೆ ಕೊಟ್ಟು ‘ಬುಕಿಂಗ್ ವಿಭಾಗ ನೋಡಿ’ ಎಂದು ಬರೆಯುವುದು ಹೆಚ್ಚು ಕಾಲ ಬಾಳುತ್ತದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಚಿತ್ರದ ಮೇಲೆ ಬಲಕ್ಲಿಕ್ ಮಾಡಿ ತೆಗೆದ ವಿಳಾಸಗಳಿಗೆ ಅವಧಿ ಇರುತ್ತದೆ, ಸ್ವಲ್ಪ ಕಾಲಕ್ಕೆ ಸತ್ತೇ ಸಾಯುತ್ತವೆ. ಚಿತ್ರವನ್ನು ಇಳಿಸಿ ನಿಮ್ಮ ಸರ್ವರಿಗೇ ಹಾಕಿ. ಡ್ರೈವ್ ಫೈಲುಗಳು ‘ಅನುಮತಿ ಬೇಕು’ ಎಂದರೆ ಹಂಚಿಕೆಯನ್ನು ‘ಲಿಂಕ್ ಇರುವ ಯಾರಾದರೂ’ ಎಂದು ಬದಲಿಸಿ. ಫೈಲ್ ಯಾರ ಖಾತೆಯಲ್ಲಿದೆ ಎಂಬುದನ್ನೂ ವಿಚಾರಿಸಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು, ಈ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಕ್ಲಬ್ ಬಿಟ್ಟುಹೋದವರ ಖಾತೆಯಲ್ಲಿರುವ ನಮೂನೆಗಳನ್ನು ಈಗಲೇ ಕ್ಲಬ್ಬಿನ ಖಾತೆಗೆ ನಕಲು ಮಾಡಿಕೊಳ್ಳಿ.

ಪುಟವೇ ಹೋಗಿದ್ದರೆ ಇಂಟರ್‌ನೆಟ್ ಆರ್ಕೈವಿನ ವೇಬ್ಯಾಕ್ ಮೆಷಿನ್‌ನಲ್ಲಿ ವಿಳಾಸ ಹಾಕಿ. ಹಳೆಯ ಪ್ರತಿ ಸಿಕ್ಕರೆ, ಬರಹದ ದಿನಾಂಕಕ್ಕೆ ಹತ್ತಿರದ ಪ್ರತಿಗೇ ಲಿಂಕ್ ಕೊಡಿ. ಕೊನೆಯ ಪ್ರತಿಯಲ್ಲಿ ‘ತಾಣ ಮುಚ್ಚಿದೆ’ ಎಂಬ ಪುಟ ಸೆರೆಯಾಗಿರಬಹುದು.

ಒಂದೇ ಸಲ ಎಲ್ಲವನ್ನೂ ಜಾಲಾಡುವುದು

ಸ್ಕ್ರೀಮಿಂಗ್ ಫ್ರಾಗ್ ಎಂಬ ತಂತ್ರಾಂಶದ ಉಚಿತ ಆವೃತ್ತಿ 500 ವಿಳಾಸಗಳವರೆಗೆ ಪರೀಕ್ಷಿಸುತ್ತದೆ, ಸಣ್ಣ ಕ್ಲಬ್ಬಿಗೆ ಅದು ಸಾಕು. ಡಬ್ಲ್ಯು3ಸಿಯ ಲಿಂಕ್ ಚೆಕ್ಕರ್ ಬ್ರೌಸರಿನಲ್ಲೇ ನಡೆಯುತ್ತದೆ. ಬಂದ ಪಟ್ಟಿಯನ್ನು ಪುಟದ ಪ್ರಕಾರವಲ್ಲ, ಮುರಿದ ವಿಳಾಸದ ಪ್ರಕಾರ ಜೋಡಿಸಿ. 60 ದೋಷಗಳಲ್ಲಿ 55 ಒಂದೇ ಅಡಿಬರಹದ ಒಂದೇ ಲಿಂಕ್ ಎಂದು ಆಗ ತಿಳಿಯುತ್ತದೆ. ಲಿಂಕ್ಡ್‌ಇನ್ ಇಂಥ ಯಂತ್ರಗಳಿಗೆ 999 ಎಂಬ ಉತ್ತರ ಕೊಡುತ್ತದೆ, ಇನ್ನು ಕೆಲವು ತಾಣಗಳು 403 ಅಥವಾ 429 (ಕೋರಿಕೆಗಳು ಅತಿಯಾದವು). ಇವನ್ನು ಕೈಯಾರೆ ತೆರೆದು ನೋಡದೆ ಅಳಿಸಬೇಡಿ. ಇದಕ್ಕೆ ತಿರುಗುಮುರುಗಾದದ್ದೂ ಇದೆ: ಪ್ರಾಯೋಜಕರ ಹಳೆಯ ಡೊಮೇನ್ ಅವಧಿ ಮುಗಿದು ಜೂಜಿನವರ ಕೈಗೆ ಹೋಗಿದ್ದರೆ ಯಂತ್ರ 200 (ಪುಟ ಸಿಕ್ಕಿದೆ) ಎಂದು ಸರಿಗುರುತು ಹಾಕುತ್ತದೆ. ಹೊರಗಿನ ಲಿಂಕುಗಳನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ನೋಡಬೇಕು.

ಹಳೆಯ ವಿಳಾಸದಿಂದ ಹೊಸದಕ್ಕೆ

ನಿಮ್ಮ ಪುಟಗಳೊಳಗಿನ ಲಿಂಕ್ ತಿದ್ದಿದರೂ ವಾಟ್ಸಾಪಿನಲ್ಲಿ ಹರಿದಾಡುತ್ತಿರುವ, ಕರಪತ್ರದಲ್ಲಿ ಅಚ್ಚಾದ ವಿಳಾಸ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಸರ್ವರಿನಲ್ಲೇ ದಾರಿ ತಿರುಗಿಸಬೇಕು. ಅಪಾಚೆ ಎಂಬ ತಂತ್ರಾಂಶದ ಸರ್ವರಾದರೆ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಒಂದು ಸಾಲು:

ರಿಡೈರೆಕ್ಟ್ 302 /ಹಳೆಯ-ಪುಟ.ಎಚ್‌ಟಿಎಂಎಲ್ /ಹೊಸ-ಪುಟ.ಎಚ್‌ಟಿಎಂಎಲ್

ಮೊದಲು 302 ಹಾಕಿ ಪರೀಕ್ಷಿಸಿ, ಸರಿಯಾದ ಮೇಲೆ 301 ಮಾಡಿ. 301 ಶಾಶ್ವತ ಎಂದು ಬ್ರೌಸರುಗಳು ನೆನಪಿಟ್ಟುಕೊಳ್ಳುತ್ತವೆ. ತಪ್ಪು ಸಾಲು ಬರೆದು ಆಮೇಲೆ ತಿದ್ದಿದರೂ ಅಷ್ಟರಲ್ಲಿ ಬಂದುಹೋದವರ ಬ್ರೌಸರ್ ಹಳೆಯ ತಪ್ಪು ದಾರಿಯಲ್ಲೇ ಹೋಗುತ್ತಿರಬಹುದು.

ಈ ಆಜ್ಞೆ ವಿಳಾಸದ ಆರಂಭವನ್ನು ಮಾತ್ರ ಹೋಲಿಸುತ್ತದೆ ಎಂಬುದನ್ನು ಮರೆತರೆ ಪೆಟ್ಟು ಗ್ಯಾರಂಟಿ. ‘/ಚಾರಣ’ದಿಂದ ‘/ಚಾರಣ/ಹೊಸ’ಕ್ಕೆ ತಿರುಗಿಸಿದರೆ, ಹೊಸ ವಿಳಾಸವೂ ‘/ಚಾರಣ’ ಎಂದೇ ಶುರುವಾಗುವುದರಿಂದ ಮತ್ತೆ ತಿರುಗಿ ‘/ಚಾರಣ/ಹೊಸ/ಹೊಸ’, ಹೀಗೇ ಗಾಣದೆತ್ತಿನ ಸುತ್ತು. ಕೊನೆಗೆ ಬ್ರೌಸರ್ ‘ತುಂಬಾ ಸಲ ತಿರುಗಿಸಲಾಗಿದೆ’ ಎಂದು ಕೈಚೆಲ್ಲುತ್ತದೆ. ವರ್ಡ್‌ಪ್ರೆಸ್ ಭಾಗಕ್ಕೆ ಈ ಫೈಲ್ ಮುಟ್ಟದೆ ರಿಡೈರೆಕ್ಷನ್ ಪ್ಲಗಿನ್ ಬಳಸುವುದು ಕ್ಷೇಮ. ಯಾವ ವಿಳಾಸಗಳಿಗೆ 404 ಬರುತ್ತಿದೆ ಎಂಬ ಪಟ್ಟಿಯೂ ಅದರಲ್ಲೇ ಸಿಗುತ್ತದೆ. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್‌ನ ‘ಎರರ್ಸ್ ಆ್ಯಂಡ್ ರಿಡೈರೆಕ್ಟ್ಸ್’ ಕೆಳಗೆ ಇದೇ ಸೌಲಭ್ಯವಿದೆ.

ಸಿಗದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಮಾಡಬೇಡಿ. 2018ರ ಚಾರಣದ ವರದಿ ಹುಡುಕಿ ಬಂದವರಿಗೆ ಮುಖಪುಟ ಕಂಡರೆ ಏನಾಯಿತೆಂದೇ ತಿಳಿಯುವುದಿಲ್ಲ, ಗೂಗಲ್ ಕೂಡ ಅದನ್ನು ‘ಸಾಫ್ಟ್ 404’ (ಇದೆ ಎಂದು ತೋರಿಸಿಕೊಳ್ಳುವ ಇಲ್ಲದ ಪುಟ) ಎಂದೇ ಎಣಿಸುತ್ತದೆ. ಬದಲಿಗೆ ಕನ್ನಡದಲ್ಲೇ ಒಂದು 404 ಪುಟ ಬರೆಯಿರಿ: ಪುಟ ಸಿಗಲಿಲ್ಲ ಎಂಬ ಒಂದು ಸಾಲು, ಬರಹಗಳ ಪಟ್ಟಿಗೆ ಲಿಂಕ್, ತಿಳಿಸಲು ಕ್ಲಬ್ಬಿನ ಮಿಂಚಂಚೆ. ಎಚ್‌ಟಿಆಕ್ಸೆಸ್‌ನಲ್ಲಿ ‘ಎರರ್‌ಡಾಕ್ಯುಮೆಂಟ್ 404 /404.ಎಚ್‌ಟಿಎಂಎಲ್’ ಎಂದು ಸೇರಿಸಿ. ಇಲ್ಲಿ ಎಚ್‌ಟಿಟಿಪಿಎಸ್ ಸಹಿತ ಪೂರ್ತಿ ವಿಳಾಸ ಕೊಟ್ಟರೆ ಅಪಾಚೆ 404ರ ಬದಲು 302 ಕಳಿಸುತ್ತದೆ, ಮುಂದಿನ ಸಲ ಜಾಲಾಡುವಾಗ ಮುರಿದ ಲಿಂಕುಗಳು ಮುರಿದವೆಂದು ಗೊತ್ತಾಗುವುದಿಲ್ಲ. ಆ ಪುಟದೊಳಗಿನ ಚಿತ್ರ, ಬಣ್ಣದ ಫೈಲ್, ಮೆನು ಎಲ್ಲದರ ವಿಳಾಸ ಗೆರೆಯಿಂದಲೇ ಶುರುವಾಗಲಿ. ಅದು ಯಾವ ಫೋಲ್ಡರಿನ ಆಳದಲ್ಲಿ ಕಾಣಿಸಿಕೊಳ್ಳುತ್ತದೆಂದು ಮೊದಲೇ ಹೇಳಲಾಗದು. ಬರೆದು ಮುಗಿಸಿದ ಮೇಲೆ ಡೊಮೇನಿನ ಮುಂದೆ ಮೂರು ಫೋಲ್ಡರುಗಳ ಸುಳ್ಳು ಹೆಸರು ಹಾಕಿ, ಮೊಬೈಲ್ ಡೇಟಾದಲ್ಲಿ ತೆರೆದು, ಅದರಲ್ಲಿರುವ ಪ್ರತಿ ಲಿಂಕನ್ನೂ ಒತ್ತಿ ನೋಡಿ.